ಐದನೇ ಹಾಸಿಗೆಯ ಅಲಾರಂ

ತನುಶ್ರೀ ಕೆಲಸ ಮಾಡುತ್ತಿದ್ದ ಶೋಳಿಂಗನಲ್ಲೂರಿನ ಕಂಪನಿ ಆಸ್ಪತ್ರೆಗಳಿಗೆ ರೋಗಿಯ ಉಸಿರು, ನಾಡಿ ಗಮನಿಸುವ ಮಾನಿಟರ್ ತಯಾರಿಸುತ್ತಿತ್ತು. ಹಾಸಿಗೆ ಪಕ್ಕದ ಯಂತ್ರ ನರ್ಸ್ ಮೇಜಿನ ಯಂತ್ರದೊಡನೆ ಹೇಗೆ ಮಾತಾಡಬೇಕೆಂಬ ನಿಯಮಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಅದಕ್ಕೊಂದು ಸಾಫ್ಟ್‌ವೇರ್ ಇತ್ತು. ನಿಯಮಗಳನ್ನು ಬರೆದುಕೊಟ್ಟರೆ ಆ ಎರಡು ಯಂತ್ರಗಳ ನಡುವೆ ನಡೆಯಬಹುದಾದ ಲಕ್ಷಾಂತರ ಸಂಭಾಷಣೆಗಳನ್ನೂ ಅದು ನಡೆಸಿ ನೋಡಿ, ತಪ್ಪು ಯಾವ ಹೆಜ್ಜೆಯಲ್ಲಿದೆ ಎಂದು ತೋರಿಸುತ್ತಿತ್ತು.

ಕಳೆದ ವರ್ಷ, ಬಿಡುಗಡೆಗೆ ಎರಡೇ ದಿನ ಇದ್ದಾಗ, ಆ ಪರೀಕ್ಷೆ ಮುಗಿಯಲೇ ಇಲ್ಲ. ಕಂಪ್ಯೂಟರಿನ ಮೆಮೊರಿ ಸಾಲಲಿಲ್ಲ. ತನುಶ್ರೀ ಒಂದು ಸಾಲು ಸೇರಿಸಿದಳು: ಸಂದೇಶಗಳು ತಡವಾಗಿ ಬರುವುದಿಲ್ಲವೆಂದು ಭಾವಿಸಲಾಗಿದೆ. ನೋಡಬೇಕಾದ ಸಂಭಾಷಣೆಗಳು ಕಡಿಮೆಯಾಗಿ ಹತ್ತು ನಿಮಿಷದಲ್ಲಿ ಫಲಿತಾಂಶ ಬಂತು, ತಪ್ಪು ಸೊನ್ನೆ. ತಂಡದವರು ಕೇಕ್ ಕತ್ತರಿಸಿದರು.

ಈ ಜೂನ್‌ನಲ್ಲಿ ಆ ಮಾನಿಟರ್ ಹಾಕಿದ್ದ ಒಂದು ಆಸ್ಪತ್ರೆಯ ಐಸಿಯುವಿನ ಐದನೇ ಹಾಸಿಗೆಯಲ್ಲಿ ಏಳು ವರ್ಷದ ಗಗನಾ ತೀರಿಕೊಂಡಳು. ಉಸಿರು ಇಳಿದಾಗ ಅಲಾರಂ ಆಗಲಿಲ್ಲ ಎಂದು ನರ್ಸ್ ಜಲಜಾಕ್ಷಿ ಹೇಳಿದಳು. ಅಲಾರಂ ಆಯಿತು, ನರ್ಸ್ ಒತ್ತಿ ನಿಲ್ಲಿಸಿದ್ದಾಳೆ ಎಂದಿತು ಯಂತ್ರದ ದಾಖಲೆ. ಅವಳನ್ನು ಕೆಲಸದಿಂದ ತೆಗೆದರು.

ದಾಖಲೆ ತನುಶ್ರೀ ಕೈಗೆ ಬಂತು. ತಾನು ಸೇರಿಸಿದ್ದ ಸಾಲನ್ನು ಅಳಿಸಿ, ದೊಡ್ಡ ಸರ್ವರ್ ಒಂದರಲ್ಲಿ ಪರೀಕ್ಷೆಯನ್ನು ಮತ್ತೆ ಓಡಿಸಿದಳು. ಮೂವತ್ತೆಂಟನೇ ಹೆಜ್ಜೆಯಲ್ಲಿ ಅದು ತಪ್ಪು ತೋರಿಸಿ ನಿಂತಿತು. ವಯರ್ ಸಡಿಲವಾಗಿ ಮೊದಲೊಮ್ಮೆ ಆದ ಅಲಾರಂ ಅನ್ನು ಜಲಜಾಕ್ಷಿ ನಿಲ್ಲಿಸಿದ್ದಳು. ನಿಲ್ಲಿಸು ಎಂಬ ಆ ಸಂದೇಶ ನೆಟ್‌ವರ್ಕಿನಲ್ಲಿ ಸಿಕ್ಕಿಕೊಂಡು, ನಿಜವಾದ ಅಲಾರಂ ಹೊರಟ ಗಳಿಗೆಯಲ್ಲೇ ತಲುಪಿ, ಅದನ್ನೂ ನಿಲ್ಲಿಸಿತ್ತು.

"ಕೇಸ್ ಮುಗಿದಿದೆಯಲ್ಲಮ್ಮ, ಯಾಕೆ ಕೆದಕ್ತೀಯ?" ಎಂದ ಮ್ಯಾನೇಜರ್ ಪ್ರತಾಪ್.

"ಆ ಸಾಲು ಬರೆದಿದ್ದು ನಾನು ಸರ್."

ವರದಿಯನ್ನು ತಾನೇ ಆಸ್ಪತ್ರೆಗೆ ಕಳಿಸಿ, ರಾಜೀನಾಮೆ ಕೊಟ್ಟು, ಅವಳು ಕೀಲ್ಪಾಕ್‌ನಲ್ಲಿದ್ದ ಜಲಜಾಕ್ಷಿಯ ಮನೆಗೆ ಹೋದಳು. ಎಲ್ಲವನ್ನೂ ಹೇಳಿದಳು.

ಜಲಜಾಕ್ಷಿ ಹೇಳಿದಳು, "ಅಲಾರಂ ಆಗ್ಲಿಲ್ಲ ಅಂತ ನಾನು ಹೇಳಿದ್ದೆ. ಎಲ್ರೂ ಆಗಿದೆ, ಆಗಿದೆ ಅಂತ ಹೇಳಿ ಹೇಳಿ, ಕಡೆಗೆ ನಂಗೂ ಕೇಳ್ಲಿಕ್ಕೆ ಶುರುವಾಯ್ತು. ಅನ್ನ ಬಡಿಸುವಾಗ್ಲೂ ಕೇಳ್ತದೆ." ಆಮೇಲೆ ಕೇಳಿದಳು, "ಆ ಮಗುವಿನ ಅಮ್ಮನಿಗೆ ಹೇಳಿದ್ರಾ?"

"ಇಲ್ಲ. ಧೈರ್ಯ ಬರ್ತಿಲ್ಲ."

"ಒಬ್ರೇ ಹೋಗ್ಬೇಡಿ. ನಾನೂ ಬರ್ತೇನೆ."

ಗಿಂಡಿಯ ಮನೆಯಲ್ಲಿ ಗಗನಾಳ ತಾಯಿ ಜಯಲಕ್ಷ್ಮೀ ಜಲಜಾಕ್ಷಿಯನ್ನು ಕಂಡು ಬಾಗಿಲು ಹಾಕಲು ಹೋದಳು. ತನುಶ್ರೀ ಹೊಸ್ತಿಲಲ್ಲೇ ನಿಂತು ಹೇಳಿದಳು: ತಪ್ಪು ಇವರದಲ್ಲ, ನನ್ನದು. ನಡೆದದ್ದನ್ನೆಲ್ಲ ಜಯಲಕ್ಷ್ಮೀ ಕೊನೆಯವರೆಗೂ ಕೇಳಿದಳು. ಜಲಜಾಕ್ಷಿಯತ್ತ ತಿರುಗಿ, "ನಿಮ್ಗೆ ತುಂಬಾ ಶಾಪ ಹಾಕ್ಬಿಟ್ಟೆ, ಸಿಸ್ಟರ್," ಎಂದಳು. ಅವಳ ಕೈ ಹಿಡಿದುಕೊಂಡೇ ತನುಶ್ರೀಯನ್ನು ಕೇಳಿದಳು:

"ಅಲಾರಂ ಆಗಿದ್ದಿದ್ರೆ ನನ್ನ ಮಗಳು ಉಳೀತಿದ್ಲಾ?"

ಹೇಳಲಾರೆ ಎನ್ನಬಹುದಿತ್ತು. ಆದರೆ ತನುಶ್ರೀ ದಾಖಲೆ ಓದಿದ್ದಳು, ವೈದ್ಯರನ್ನೂ ಕೇಳಿದ್ದಳು.

"ಹೌದು," ಎಂದಳು.

ಜಯಲಕ್ಷ್ಮೀ ಅಲ್ಲೇ ನೆಲಕ್ಕೆ ಕುಸಿದಳು. ಜಲಜಾಕ್ಷಿ ಅವಳನ್ನು ತಬ್ಬಿಕೊಂಡು ಕೂತಳು. ಒಳಗೆ ಬಾ ಎಂದು ಯಾರೂ ಕರೆಯದ ತನುಶ್ರೀ ಸ್ವಲ್ಪ ಹೊತ್ತು ನಿಂತಿದ್ದು, ಮೆಟ್ಟಿಲಿಳಿದು ಹೋದಳು.