ಕತ್ತಿಲ್ಲದ ಗೊಂಬೆ

ಅಂಗಡಿಯ ಮೂಲೆಯಲ್ಲಿದ್ದ ಬಟ್ಟೆಯ ಗೊಂಬೆಗೆ ಕೈಯಿಲ್ಲ, ಕಾಲಿಲ್ಲ, ಭುಜದಿಂದ ಮೇಲೆ ಏನೂ ಇಲ್ಲ. ಹೊಟ್ಟೆಗೆ ಹತ್ತಿ ತುರುಕಿ ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ್ದರು. ಹೊಲಿದ ಕೋಟು ಸರಿಯಾಗಿ ಕೂತಿದೆಯೇ ಎಂದು ನೋಡುವುದಕ್ಕೆ ಅಷ್ಟು ಸಾಕು. ದರ್ಜಿ ತಾತ ತಮ್ಮ ಆಯುಷ್ಯದ ಬಹುಪಾಲನ್ನು ಅದರ ಪಕ್ಕದಲ್ಲೇ ಕಳೆದಿದ್ದರು. ಅದು ಯಾರಿಗೂ ಕೇಡು ಬಗೆದದ್ದನ್ನು ಅವರು ಕಂಡಿರಲಿಲ್ಲ.

ಮೊಮ್ಮಗಳ ಅಭಿಪ್ರಾಯ ಬೇರೆಯಾಗಿತ್ತು. ದುಂಡು ಮುಖದ ಆ ಹುಡುಗಿಯನ್ನು ತಾತ ಗುಂಡಿ ಎಂದೇ ಕರೆಯುತ್ತಿದ್ದರು. ಅಂಗಿಗೆ ಗುಂಡಿ ಹೇಗೋ ತಮಗೆ ಅವಳು ಹಾಗೆ ಎಂಬುದು ಅವರ ವಿವರಣೆ. ಭಾನುವಾರ ಗೆಳತಿಯ ಮನೆಗೆ ಹೋಗಿದ್ದಾಗ ಆ ಗೆಳತಿಯ ಅಣ್ಣ ಪರದೆ ಎಳೆದು, ಮಕ್ಕಳನ್ನೆಲ್ಲ ಕೂರಿಸಿ, ದೆವ್ವದ ಸಿನಿಮಾ ತೋರಿಸಿದ್ದ. ಅದರಲ್ಲಿ ಬಟ್ಟೆ ಅಂಗಡಿಯ ಗೊಂಬೆಯೊಂದು ಕತ್ತು ತಿರುಗಿಸಿ ನೋಡುತ್ತದಂತೆ.

"ಇದಕ್ಕೆ ತಿರುಗಿಸೋಕೆ ಕತ್ತೇ ಇಲ್ಲವಲ್ಲೇ" ಎಂದರು ತಾತ.

"ಅದಕ್ಕೇ ಬೇರೆಯವರದ್ದು ಹುಡುಕ್ತಿದೆ" ಎಂದಳು ಗುಂಡಿ.

ತಾತ ಗೊಂಬೆಯ ಕೋಲು ಹಿಡಿದರು. ಹಿಂದಿನ ಕೋಣೆಗೆ ಸಾಗಿಸಲೇ ಎಂದು ಕೇಳಿದರು. ಎಲ್ಲಿದೆ ಅಂತ ಕಾಣದೇ ಇರುವುದು ಇನ್ನೂ ಕೆಟ್ಟದ್ದು ಎಂದು ತಿಳಿದುಬಂತು. ಕೊನೆಗೆ ಕೋಟಿನ ಒಳಗೆ ಹಾಕುವ ಬಿಳಿ ಬಟ್ಟೆಯನ್ನು ತಲೆಯಿಂದ, ಅಂದರೆ ತಲೆ ಇರಬೇಕಾದ ಜಾಗದಿಂದ, ನೆಲದವರೆಗೆ ಹೊದಿಸಿದರು. ದೆವ್ವ ಎಂದರೆ ಹೇಗಿರುತ್ತದೆ ಎಂಬುದನ್ನು ತಾವೇ ಮಾಡಿ ನಿಲ್ಲಿಸಿದ್ದೇವೆ ಎಂಬುದು ಅವರಿಗೆ ತಿಳಿದದ್ದು ಗುಂಡಿ ಬೀದಿಗೆ ಓಡಿದ ಮೇಲೆ.

ಅಂದಿನಿಂದ ಅವಳು ಶಾಲೆ ಬಿಟ್ಟು ಬಂದರೆ ಅಂಗಡಿಯ ಮೆಟ್ಟಿಲ ಮೇಲೆ, ಒಂದು ಕಾಲು ಬೀದಿಯಲ್ಲಿಟ್ಟು ಕೂರುತ್ತಿದ್ದಳು. ಸ್ಕೂಟರುಗಳು ಆ ಕಾಲನ್ನು ತಪ್ಪಿಸಿಕೊಂಡು ಹೋಗುತ್ತಿದ್ದವು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ತಾಯಿ ಸಂಜೆ ಬಂದು ಇದನ್ನು ನೋಡಿದಳು.

"ಅಪ್ಪಾ, ನಾಳೆಯೂ ಇವಳು ಹೀಗೇ ಕೂತಿದ್ರೆ ಡೇ ಕೇರ್‌ಗೆ ಸೇರಿಸಿಬಿಡ್ತೀನಿ. ಕಾಲು ಹೋದ್ರೆ ನೀನು ಹೊಲಿದು ಕೊಡ್ತೀಯಾ?"

ತಾತ ತಲೆಯಾಡಿಸಿದರು. ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡ ಮೇಲೆ ಅವರು ಬಾಯಿ ತೆರೆದು ಮಾತಾಡುತ್ತಿದ್ದದ್ದು ಗುಂಡಿ ಇರುವ ಹೊತ್ತಿನಲ್ಲಿ ಮಾತ್ರ. ಗಿರಾಕಿಗಳ ಜೊತೆ ಆಡುವುದು ಮಾತಲ್ಲ, ಸೊಂಟದ ಅಳತೆ.

ಮರುದಿನ ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ಅವರಿಗೊಂದು ಉಪಾಯ ಹೊಳೆಯಿತು. ಗುರುತಿಲ್ಲದವರನ್ನು ಕಂಡರೆ ಮಕ್ಕಳು ಹೆದರುತ್ತಾರೆ. ಗುರುತಿನವರನ್ನು ಕಂಡರೆ ಯಾಕೆ ಹೆದರಬೇಕು? ಬಿಳಿ ಬಟ್ಟೆ ತೆಗೆದು, ಚಿಂದಿಯನ್ನೆಲ್ಲ ಉಂಡೆ ಕಟ್ಟಿ ಗೊಂಬೆಗೆ ತಲೆ ಮಾಡಿ ಕೂರಿಸಿದರು. ಅಜ್ಜಿಯ ಬೂದು ಸ್ವೆಟರ್ ತೊಡಿಸಿ, ಅವಳ ಕನ್ನಡಕ ಏರಿಸಿದರು. ಗುಂಡಿಗಳನ್ನು ಒಂದೊಂದಾಗಿ ಹಾಕಿ ಕೊರಳಪಟ್ಟಿ ಸರಿಮಾಡಿದರು. ಸರಿಯಾಗಿದ್ದ ಕೊರಳಪಟ್ಟಿಯನ್ನು ಮತ್ತೊಮ್ಮೆ ಸರಿಮಾಡಿದರು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುವುದು ಇಂಥ ಕೆಲಸವನ್ನೇ.

ಮಧ್ಯಾಹ್ನ ಗುಂಡಿ ಬಂದಳು. ಕಿರುಚಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲ ಮೇಲೆ ಕೂತು, ಸಣ್ಣ ದನಿಯಲ್ಲಿ ಕೇಳಿದಳು.

"ಅಜ್ಜಿ ಯಾವಾಗ ಬಂದ್ಲು?"

"ಬಂದಿಲ್ಲ ಕಣಮ್ಮ. ನಾನೇ ಸ್ವೆಟರ್ ಹಾಕಿದ್ದು."

"ಅಜ್ಜೀನ ಕೇಳಿದ್ಯಾ? ಸಿನಿಮಾದಲ್ಲಿ ಸತ್ತೋರು ಅವರ ಬಟ್ಟೆ ಕೇಳ್ಕೊಂಡು ವಾಪಸ್ ಬರ್ತಾರೆ."

"ಹಾಗಾದ್ರೆ ಒಳ್ಳೇದೇ ಆಯ್ತು ಬಿಡು."

ಮಾತು ಬಾಯಿಂದ ಜಾರಿಹೋಗಿತ್ತು. ತಾತ ಕತ್ತರಿ ಕೆಳಗಿಟ್ಟರು.

"ನಿಂಗೆ ಭಯ ಇಲ್ವಾ?" ಎಂದಳು ಗುಂಡಿ.

"ಬದುಕಿದ್ದಾಗ ಇತ್ತು. ಅಂಗಿಯ ಕಾಜ ಓರೆಯಾದ್ರೆ ಹೊಲಿಗೆ ಅಷ್ಟೂ ಬಿಚ್ಚಿಸ್ತಿದ್ದಳು."

"ಈಗ ಬಂದ್ರೆ?"

"ಬರಲಿ ಅಂತಾನೇ ಹಿಂದಿನ ಬಾಗಿಲಿಗೆ ಚಿಲಕ ಹಾಕಲ್ಲ. ಒಂದ್ಸಲ ಕಳಿಸಪ್ಪಾ ಅಂತ ದೇವರನ್ನ ದಿನಾ ಕೇಳ್ಕೋತೀನಿ."

"ಬಂದ್ಲಾ?"

"ಇಲ್ಲ."

"ಕನಸಲ್ಲಿ?"

"ಅದರಲ್ಲೂ ಇಲ್ಲ."

ಗುಂಡಿ ಯೋಚಿಸಿದಳು. ಬಾಗಿಲು ತೆರೆದಿಟ್ಟು, ದೇವರ ಶಿಫಾರಸನ್ನೂ ಹಿಡಿದು ಕರೆದರೂ ಅಜ್ಜಿ ಬಂದಿಲ್ಲ. ಇದು ಸಿನಿಮಾದಲ್ಲಿ ಇರಲಿಲ್ಲ.

"ದೇವರು ಬೇಡ ಅಂದಿರಬೇಕು" ಎಂದಳು.

"ಇರಬಹುದು. ಅವನ ಹತ್ರ ಸುಖವಾಗಿರೋರನ್ನ ಈ ಚಿಂದಿಯೊಳಗೆ ಕೂರು ಅಂತ ಯಾಕೆ ಕಳಿಸ್ತಾನೆ?"

"ಮತ್ತೆ ನೀನ್ಯಾಕೆ ದಿನಾ ಕೇಳ್ತೀಯ?"

ತಾತ ಸೂಜಿಗೆ ದಾರ ಪೋಣಿಸಲು ನೋಡಿದರು. ದಾರ ಹೋಗಲಿಲ್ಲ. ಗುಂಡಿ ಬೀದಿಯಲ್ಲಿದ್ದ ಕಾಲನ್ನು ಎಳೆದುಕೊಂಡು ಎದ್ದಳು. ಗೊಂಬೆಗೆ ಬೆನ್ನು ಕೊಡದೆ ಗೋಡೆ ಸವರಿಕೊಂಡು ಬಂದು, ಸೂಜಿ ಇಸಿದುಕೊಂಡು, ತಾನೇ ಪೋಣಿಸಿ ಕೊಟ್ಟಳು. ಆಮೇಲೆ ಅಲ್ಲೇ ಕೂತು ಲೆಕ್ಕ ಮಾಡಿದಳು. ಹೆಚ್ಚಿನವು ತಪ್ಪಾಗಿದ್ದವು, ಏಕೆಂದರೆ ಒಂದು ಕಣ್ಣು ಗೊಂಬೆಯ ಮೇಲಿತ್ತು.

ಸಂಜೆ ಅವಳ ತಾಯಿ ಬಂದಳು. ಗೊಂಬೆಯ ಮೈಮೇಲಿದ್ದ ಸ್ವೆಟರ್ ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಮ್ಮನ ಸ್ವೆಟರ್ ಹೀಗೆ ನಿಲ್ಲಿಸಿದ ಕಡೆ ಮಗು ಇರೋದು ಬೇಡ. ನಡಿ, ಬರ್ತೀವಿ ಅಂತ ಹೇಳಿದೀನಿ, ಡೇ ಕೇರ್‌ನವರು ಮುಚ್ಚೋದರೊಳಗೆ ಮಾತಾಡಿ ಬರೋಣ" ಎಂದಳು.

"ನಾನು ಅಲ್ಲಿಗೆ ಹೋಗಲ್ಲ. ತಾತಂಗೆ ಒಬ್ಬನೇ ಇರೋಕೆ ಭಯ."

ತಾಯಿ ನಕ್ಕಳು. "ಏನಪ್ಪಾ, ನೀನು ಯಾವ ಸಿನಿಮಾ ನೋಡಿದೆ?"

ತಾತ ಸುಳ್ಳು ಹೇಳುವ ಪೈಕಿಯವರಲ್ಲ. "ಸಿನಿಮಾ ನೋಡಿಲ್ಲಮ್ಮ. ಭಯ ಇರೋದು ನಿಜ" ಎಂದರು.

ಮಗಳ ನಗು ನಿಂತಿತು. ಅವಳು ಹೊರಗೆ ಹೋಗಿ ಬೆನ್ನು ತಿರುಗಿಸಿ ಡೇ ಕೇರ್‌ಗೆ ಫೋನ್ ಮಾಡಿದಳು. ಮಗುವನ್ನು ಸೇರಿಸುವುದಿಲ್ಲ ಎಂದು ಹೇಳುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದಳು.

ಒಳಗೆ ಗುಂಡಿ ಚೀಲ ಏರಿಸಿಕೊಂಡು ತಾತನ ಕಿವಿಯ ಹತ್ತಿರ ಬಗ್ಗಿದಳು.

"ನಾಳೆ ಬಂದುಬಿಡ್ತೀನಿ. ಅಲ್ಲಿವರೆಗೆ ಹೆದರ್ಕೋಬೇಡ."

"ಆಗಲಿ" ಎಂದರು ತಾತ.