ಡಾಕ್ಟರ ಎಡ, ಅಜ್ಜಿಯ ಬಲ

ಅಜ್ಜಿಯ ಎಡಗಾಲಿನ ಮೀನಖಂಡ ಸೋರೆಕಾಯಿಯಂತೆ ಊದಿಕೊಂಡದ್ದು ಸರಿಯಾಗಿ ಪ್ರಯಾಣದ ಹಿಂದಿನ ದಿನ. ಬೆಳಗಾದರೆ ಮೊಮ್ಮಗಳ ಜೊತೆ ರೈಲು ಹತ್ತಿ ಅಕ್ಕನ ಮನೆ ಸೇರಬೇಕು. ಹೋದ ವರ್ಷ ಇಸ್ಪೀಟಿನಲ್ಲಿ ಸೋಲಿಸಿ, ಇಂದಿನವರೆಗೂ ಫೋನಿನಲ್ಲಿ ಆಡಿಕೊಳ್ಳುತ್ತಿರುವ ಅಕ್ಕನ ಸೊಕ್ಕು ಮುರಿಯಬೇಕು. ಡಾಕ್ಟರೋ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ, ಸ್ಕ್ಯಾನಿಂಗ್ ಆಗುವವರೆಗೆ ರೈಲಿನ ಮಾತೇ ಬೇಡ ಎಂದುಬಿಟ್ಟರು.

ಅಜ್ಜಿ ಅಷ್ಟಕ್ಕೆಲ್ಲ ಬಗ್ಗುವ ಪೈಕಿಯಲ್ಲ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕಾಯುವಾಗ, ಮೊಮ್ಮಗಳು ನೀರು ತರಲು ಹೋದ ಹೊತ್ತು ನೋಡಿ, ಮಂಡಿನೋವಿಗೆಂದು ಸದಾ ಚೀಲದಲ್ಲಿರುತ್ತಿದ್ದ ಬ್ಯಾಂಡೇಜನ್ನು ಗಟ್ಟಿಮುಟ್ಟಾದ ಬಲಗಾಲಿಗೆ ಸುತ್ತಿಕೊಂಡು, ಮುಖದ ಮೇಲೆ ನೋವು ತಂದುಕೊಂಡು ಒಳಗೆ ಹೋದಳು.

ಚೀಟಿಯಲ್ಲಿ ಎಡಗಾಲು ಎಂದಿದೆಯಲ್ಲ ಎಂದು ಸ್ಕ್ಯಾನಿಂಗ್ ಮಾಡುವಾಕೆ ಕೇಳಿದಳು.

“ಡಾಕ್ಟ್ರು ನನ್ನೆದುರಿಗೆ ಕೂತಿದ್ರು ಕಣಮ್ಮಾ. ಅವರ ಎಡ ಅಂದ್ರೆ ನನಗೆ ಬಲ.”

ಆಕೆ ನಗಲಿಲ್ಲ. ತಣ್ಣನೆಯ ಜೆಲ್ ಸವರಿ, ತೊಡೆಸಂದಿನಿಂದ ಕೆಳಕ್ಕೆ ಯಂತ್ರದ ಹಿಡಿ, ಪ್ರೋಬನ್ನು ಒತ್ತುತ್ತ ಬಂದಳು. ಪರದೆಯ ಮೇಲೆ ರಕ್ತನಾಳವೊಂದು ಕಪ್ಪು ಕಣ್ಣಿನಂತೆ ಕಾಣುತ್ತಿತ್ತು. ಒತ್ತಿದಾಗ ಮುಚ್ಚಿ, ಬಿಟ್ಟಾಗ ತೆರೆಯುತ್ತಿತ್ತು. ಒಳಗೆ ಹೆಪ್ಪಿದ್ದರೆ ಎಷ್ಟು ಒತ್ತಿದರೂ ಬಿಟ್ಟ ಕಣ್ಣು ಬಿಟ್ಟ ಹಾಗೇ ಇರುತ್ತದೆ ಎಂದು ಆಕೆ ವಿವರಿಸುವಷ್ಟರಲ್ಲಿ ಅಜ್ಜಿ ಎದ್ದು ಕೂತಾಗಿತ್ತು.

“ಇರಿ ಅಜ್ಜಿ. ಎರಡೂ ಕಾಲು ಹೋಲಿಸಿ ನೋಡ್ತೀನಿ.”

ಎಡಗಾಲಿನ ಮೇಲಿದ್ದ ಹೊದಿಕೆ ಸರಿಯಿತು. ಸೋರೆಕಾಯಿ ಸಿಕ್ಕಿಬಿತ್ತು.

ಅಜ್ಜಿ ಗೋಡೆಯ ಕಡೆ ತಿರುಗಿದಳು. ಹೆಪ್ಪು ನಿಜವಾಗಿ ಇದ್ದು, ತನ್ನ ಆಟವೂ ಗೆದ್ದಿದ್ದರೆ? ರೈಲಿನ ಕಿಟಕಿಯ ಪಕ್ಕ ಕೂತ ಮೊಮ್ಮಗಳು, ಭುಜಕ್ಕೆ ಒರಗಿದ ಅಜ್ಜಿ ನಿದ್ದೆ ಹೋಗಿದ್ದಾಳೆಂದೇ ತಿಳಿದಿರುತ್ತಿದ್ದಳು.

“ಮುಚ್ಕೊಳ್ತಾ ಇದೆಯಾ ಮಗಾ?”

“ಎಲ್ಲಾ ಕಡೆ ಮುಚ್ಕೊಳ್ತಿದೆ.”

ಆದರೆ ಮಂಡಿಯ ಹಿಂದೆ ಕಪ್ಪು ಚೀಲವೊಂದು ಕಂಡಿತು, ಒತ್ತಿದರೂ ಮುಚ್ಚಲಿಲ್ಲ. ಅಜ್ಜಿ ಪರದೆಯತ್ತ ಕತ್ತು ಚಾಚಿದಳು. ಸ್ಕ್ಯಾನಿಂಗ್ ಮಾಡುವಾಕೆ ರಕ್ತದ ಹರಿವು ತೋರಿಸುವ ಗುಂಡಿ ಒತ್ತಿದಾಗ ಪಕ್ಕದ ನಾಳಗಳೆಲ್ಲ ಕೆಂಪು ನೀಲಿ ತುಂಬಿಕೊಂಡವು, ಚೀಲ ಮಾತ್ರ ಕಪ್ಪಾಗಿಯೇ ಉಳಿಯಿತು. ಅದು ರಕ್ತನಾಳವೇ ಅಲ್ಲ. ಸವೆದ ಮಂಡಿಕೀಲಿನ ನೀರು ಹಿಂದೆ ಗಂಟು ಕಟ್ಟಿ, ಸೋರಿ ಮೀನಖಂಡಕ್ಕೆ ಇಳಿದಿತ್ತು, ಹೆಪ್ಪಿನ ವೇಷ ಹಾಕಿಕೊಂಡು. ಡಾಕ್ಟರೂ ಬಂದು ನೋಡಿ, ರೈಲಿನಲ್ಲಿ ಆಗಾಗ ಎದ್ದು ಓಡಾಡುವುದಾದರೆ ಹೋಗಿಬನ್ನಿ ಎಂದರು.

ಅಜ್ಜಿ ಬಲಗಾಲಿನ ಬ್ಯಾಂಡೇಜು ಬಿಚ್ಚಿ ಎಡಗಾಲಿಗೆ ಸುತ್ತಿಕೊಳ್ಳುತ್ತ, ಅಕ್ಕನ ಸೊಕ್ಕಿನ ಕಥೆಯನ್ನೆಲ್ಲ ಹೇಳಿಕೊಂಡಳು. ಇಸ್ಪೀಟಿನಲ್ಲೂ ಹೀಗೇ ಆಡುತ್ತೀರಾ ಎಂದು ಸ್ಕ್ಯಾನಿಂಗ್ ಮಾಡಿದಾಕೆ ಕೇಳಿದಳು.

“ಹೋದ್ವರ್ಷ ನನ್ನಕ್ಕನೂ ನಿನ್ ಥರಾನೇ, ಎರಡೂ ಕೈ ತೋರ್ಸು ಅಂದ್ಲು ಕಣೇ. ಅದಕ್ಕೇ ಸೋತಿದ್ದು.”