ಹಣೆಯಂಚಿನ ಕೂದಲು

ಹಣೆಯಂಚಿನ ಕೂದಲು ಕೆತ್ತುವುದರಲ್ಲಿ ಜಪಾನಿನ ಎದೊ ಪಟ್ಟಣದಲ್ಲೇ ಹಿಕೋಜಿಯನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎನ್ನುತ್ತಿದ್ದರು. ಈ ಮಾತನ್ನು ಬೇರೆಯವರಿಗಿಂತ ಹೆಚ್ಚಾಗಿ ಹಿಕೋಜಿಯೇ ಹೇಳುತ್ತಿದ್ದ. ಚೆರಿ ಮರದ ಹಲಗೆಯ ಮೇಲೆ ಚಿತ್ರಗಾರನ ಹಾಳೆಯನ್ನು ಬೋರಲು ಅಂಟಿಸಿ, ಹಾಳೆ ಸಮೇತ ಕೆತ್ತಿ, ಗೆರೆಗಳನ್ನಷ್ಟೇ ಉಬ್ಬಾಗಿ ಉಳಿಸುವುದು ಅವನ ಕಸುಬು. ಆಮೇಲೆ ಹಲಗೆಗೆ ಮಸಿ ಬಳಿದು ಒತ್ತಿದರೆ ಅಚ್ಚು ನೂರಾರು ಬರುತ್ತವೆ. ಮೂಲ ಹಾಳೆ ಮಾತ್ರ ಚೂರುಚೂರಾಗಿ ಚಕ್ಕೆಯ ಬುಟ್ಟಿಗೆ ಬೀಳುತ್ತದೆ. ಸಂಜೆ ಅವನ ಹೆಂಡತಿ ಒತಾಕಿ ಆ ಬುಟ್ಟಿಯನ್ನು ಒಲೆಗೆ ಸುರಿದು ಅನ್ನ ಮಾಡುತ್ತಾಳೆ. ಮೂವತ್ತು ವರ್ಷಗಳಲ್ಲಿ ಎಂತೆಂಥವರ ಕೈಗೆರೆಗಳೋ ಹೀಗೆ ಬೂದಿಯಾಗಿದ್ದವು. ಯಾರೂ ಅತ್ತಿರಲಿಲ್ಲ.

ಅವರ ಒಬ್ಬನೇ ಮಗ ಸೇನ್ಕಿಚಿ ಹೆಸರಾಂತ ಚಿತ್ರಗಾರನೊಬ್ಬನ ಶಿಷ್ಯ. ಇಪ್ಪತ್ತೆರಡಕ್ಕೇ ದಡಾರ ಬಂದು ಹೋಗಿಬಿಟ್ಟ. ಅವನ ಕೈಯದೆಂದು ಮನೆಯಲ್ಲಿ ಉಳಿದದ್ದು ಒಂದೇ ಹಾಳೆ: ತಲೆ ತೊಳೆದು, ಕೂದಲು ಇಳಿಬಿಟ್ಟುಕೊಂಡು ಕೂತ ತಾಯಿ. ಮೂಲೆಯಲ್ಲಿ ಅವನ ಹೆಸರು.

ಪ್ರಕಾಶಕ ಕಾನ್ಬೇ ಅದನ್ನು ನೋಡಿ ಅಚ್ಚು ಹಾಕೋಣ ಎಂದ ದಿನ ಹಿಕೋಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಹುಡುಗನ ಹೆಸರು ಊರೆಲ್ಲಾ ಓಡಾಡತ್ತೆ ಕಣೇ."

"ಊರು ತಗೊಂಡು ನಾನೇನ್ ಮಾಡ್ಲಿ? ನಂಗೆ ಹಾಳೆ ಬೇಕು. ನಕಲು ತೆಗೆದು ಅದನ್ನ ಕೆತ್ತಿ."

"ನಕಲು ತೆಗೆದ್ರೆ ಅದು ನನ್ನ ಗೆರೆ ಆಗತ್ತೆ, ಅವನದಲ್ಲ. ಕೆತ್ತನೆ ವಿಷ್ಯ ನಿಂಗೇನು ಗೊತ್ತು?"

"ಕೆತ್ತನೆ ಗೊತ್ತಿಲ್ಲ ರೀ. ಒಲೆ ಗೊತ್ತು."

ಹಿಕೋಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸದ ಹೆಮ್ಮೆ ನೆತ್ತಿಗೇರಿದವನಿಗೆ ಹೆಂಡತಿಯ ಮಾತು ಎಲ್ಲಿ ಕೇಳಿಸೀತು! ಹಾಳೆಯನ್ನು ಹಲಗೆಗೆ ಅಂಟಿಸಿದ. ಹನ್ನೊಂದು ದಿನ ಕೆತ್ತಿದ. ಒತಾಕಿಯ ಹಣೆಯ ಮೇಲಿನ ಒಂದೊಂದು ಎಳೆಯನ್ನೂ ಉಸಿರು ಬಿಗಿಹಿಡಿದು ಬಿಡಿಸಿದ. ಮೊದಲ ಸಂಜೆ ಒತಾಕಿ ಬುಟ್ಟಿ ಕೆದಕಿ ಕಾಗದದ ಚೂರು ಆರಿಸಲು ನೋಡಿದಳು. ಎಳ್ಳಿನಷ್ಟಷ್ಟೇ ಇದ್ದವು, ಯಾವುದು ಕಣ್ಣು, ಯಾವುದು ಕೂದಲು, ಒಂದೂ ಗೊತ್ತಾಗಲಿಲ್ಲ. ಕೊನೆಗೆ ಮುಖ ತಿರುಗಿಸಿಕೊಂಡು ಎಲ್ಲವನ್ನೂ ಒಲೆಗೆ ತಳ್ಳಿದಳು.

ಮೊದಲ ಅಚ್ಚು ಬಂದಾಗ ಕಾನ್ಬೇ ತಲೆದೂಗಿದ.

"ಕೆತ್ತನೆ ಅಂದ್ರೆ ಇದು ಯಜಮಾನ್ರೇ! ಒಂದೇ ಒಂದು ಸಣ್ಣ ಕೆಲ್ಸ ಬಾಕಿ. ಸೇನ್ಕಿಚಿ ಅಂದ್ರೆ ಯಾರು ಕೊಳ್ತಾರೆ ಹೇಳಿ? ಅವನ ಗುರುಗಳು ತಮ್ಮ ಹೆಸರು ಹಾಕೋಕೆ ಒಪ್ಪಿದ್ದಾರೆ. ದೊಡ್ಡ ಮನಸ್ಸು."

"ನೀವು ಹೇಳಿದ್ದು ಹೀಗಲ್ಲ ಧಣಿ."

"ಹಲಗೆ ನಂದು. ನಿಮಗೆ ಮನಸ್ಸಿಲ್ದಿದ್ರೆ ಬಿಡಿ, ಆಚೆ ಬೀದಿ ಮೊಹೇಯ್ ಕೈಲಿ ಮಾಡಿಸ್ತೀನಿ."

ಮೊಹೇಯ್ ಉಳಿ ಹಿಡಿದರೆ ತೊಲೆ ಕಡಿದ ಹಾಗೆ. ಹೆಸರಿನ ಮಗ್ಗುಲಲ್ಲೇ ಒತಾಕಿಯ ಇಳಿಬಿದ್ದ ಕೂದಲಿತ್ತು. ಅವನ ಕೈಯಲ್ಲಿ ಅದು ಉಳಿಯುವ ಮಾತಲ್ಲ. ಹಿಕೋಜಿ ತಾನೇ ಉಳಿ ತೆಗೆದುಕೊಂಡ. ತನ್ನ ಕೆಲಸ ಕೆಡಬಾರದೆಂದು ಮಗನ ಹೆಸರನ್ನು ತಾನೇ ತೋಡಿ ತೆಗೆದ. ಆ ಗುಳಿಗೆ ಬೇರೆ ಮರದ ತುಂಡು ಕೂರಿಸಿ ಗುರುವಿನ ಹೆಸರು ಕೆತ್ತಿದ. ಜೋಡಿಸಿದ ಗೆರೆ ಎಲ್ಲಿದೆಯೆಂದು ಕಾನ್ಬೇಗೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ, ಪಾಪಿ.

ತೋಡಿದ ಚಕ್ಕೆಗಳನ್ನು ಕಾಗದದಲ್ಲಿ ಕಟ್ಟಿ ಮನೆಗೆ ತಂದು, ಒಲೆಯ ಮುಂದೆ ಕೂತಿದ್ದ ಹೆಂಡತಿಯ ಎದುರು ಇಟ್ಟ.

"ಏನಿದು?"

"ಸೇನ್ಕಿಚಿ ಹೆಸರು." ಆಮೇಲೆ ಎಲ್ಲವನ್ನೂ ಹೇಳಿದ.

ಒತಾಕಿ ಪೊಟ್ಟಣ ಬಿಚ್ಚಿ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವನ ಹಾಳೆ ಪೂರ್ತಿ ಈ ಒಲೆಗೇ ಹೋಯ್ತು," ಎಂದಳು. "ಹನ್ನೊಂದು ದಿನ ಅದ್ರಲ್ಲೇ ಬೇಯಿಸಿದ ಅನ್ನ ನೀವೂ ಉಂಡ್ರಿ, ನಾನೂ ಉಂಡೆ. ಇದನ್ನ ಇಟ್ಕೊಂಡು ಏನ್ ಮಾಡ್ಲಿ?"

ಚಕ್ಕೆಗಳನ್ನು ಒಲೆಗೆ ಹಾಕಿ ಊದಿದಳು. ಒಣಗಿದ ಚೆರಿ ಮರ, ಬೇಗ ಹತ್ತಿಕೊಂಡಿತು. ಅನ್ನವಾದ ಮೇಲೆ ಅವನ ಬಟ್ಟಲಿಗೆ ಬಡಿಸಿ, ಅವನು ಉಣ್ಣುವವರೆಗೂ ಎದುರಿಗೇ ಕೂತಿದ್ದಳು.